ಬಟ್ಟಲಿನ ಮುಂದೆ

ಕ್ರಿಸ್‌ಮಸ್ ಆರಾಧನೆಗೆ ಕುಡಿದು ಬಂದು ಹಾರ್ಮೋನಿಯಂ ಮೇಲೆ ಬಿದ್ದಿದ್ದ ಎಲೀಶನನ್ನು ಸಭೆಯಲ್ಲಿ ಯಾರೂ ಮರೆತಿರಲಿಲ್ಲ. ಅವನು ಕುಡಿತ ಬಿಟ್ಟು ಎರಡು ವರ್ಷವಾದರೂ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಅವನನ್ನು ಕರೆಯಲು ಹಿರಿಯರಿಗೆ ಮನಸ್ಸಿರಲಿಲ್ಲ.

"ನಾಯಿ ಬಾಲ ನೆಟ್ಟಗಾಗುತ್ತಾ, ಸುಗುಣಮ್ಮ?" ಅಂದರು ಒಬ್ಬ ಹಿರಿಯರು, ಅವನ ಪರವಾಗಿ ಮಾತಾಡಿದ ಸುಗುಣಮ್ಮನಿಗೆ.

"ನಿಮ್ಮದೂ ನನ್ನದೂ ಎಷ್ಟು ನೆಟ್ಟಗಿದೆ ಅಂತ ಕರ್ತನಿಗೇ ಗೊತ್ತು, ಅಣ್ಣ. ಬಿದ್ದವನನ್ನು ಎತ್ತೋಕಲ್ಲದೆ ಸಭೆ ಇನ್ಯಾತಕ್ಕೆ?"

ಹಾಗೆ ವಾದಿಸಿ ಗೆದ್ದ ಸುಗುಣಮ್ಮ ಭಾನುವಾರ ತಾವೇ ಅವನ ಕೈಹಿಡಿದು ಕರೆತಂದರು. ಇಬ್ಬರೂ ವೇದಿಯ ಮುಂದೆ ಪಕ್ಕಪಕ್ಕ ಮೊಣಕಾಲೂರಿದರು. ಎಲೀಶ ರೊಟ್ಟಿ ತಿಂದ. ದ್ರಾಕ್ಷಾರಸದ ಬಟ್ಟಲು ಹತ್ತಿರ ಬಂದಾಗ ಮಾತ್ರ ಮುಖ ತಿರುಗಿಸಿದ.

"ನನಗೆ ಬೇಡ, ಅಮ್ಮ."

"ಯೋಗ್ಯತೆ ಇಲ್ಲ ಅನ್ನಿಸುತ್ತಾ? ಇಲ್ಲಿ ಯಾರಿಗೂ ಇಲ್ಲ ಮಗ. ನಾಚಿಕೋಬೇಡ, ತಗೋ."

ಇಡೀ ಸಭೆ ನೋಡುತ್ತಿತ್ತು. ಅವನು ಸುಗುಣಮ್ಮನ ಮುಖವನ್ನೇ ನೋಡುತ್ತ ಒಂದು ಗುಟುಕು ಕುಡಿದ. ಅವರ ಕಣ್ಣು ತುಂಬಿಬಂತು.

ಸಂಜೆ ಹೊತ್ತಿಗೆ, ಎಲೀಶ ಬಾರಿನ ಮುಂದೆ ಬಿದ್ದಿದ್ದಾನೆ ಅಂತ ಸುದ್ದಿ ಬಂತು. "ನಾವು ಹೇಳಿರಲಿಲ್ಲವಾ?" ಅನ್ನುವವರನ್ನೆಲ್ಲ ದಾಟಿಕೊಂಡು ಸುಗುಣಮ್ಮ ಓಡಿದರು. ರಸ್ತೆಯ ಮಣ್ಣಲ್ಲೇ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಯಾಕೋ ಮಗ ಹೀಗೆ ಮಾಡಿದೆ? ಎರಡು ವರ್ಷ ಮುಟ್ಟದೆ ಇದ್ದೆಯಲ್ಲೋ."

ಎಲೀಶ ಕಷ್ಟಪಟ್ಟು ಕಣ್ಣು ತೆರೆದ.

"ಬೆಳಿಗ್ಗೆ ನಾನು ನಾಚಿಕೆಗೆ ಬೇಡ ಅಂದಿದ್ದಲ್ಲಮ್ಮ. ಬಟ್ಟಲಿನ ವೈನ್ ವಾಸನೆಗೆ ಹೆದರಿ ಬೇಡ ಅಂದೆ."