ಗುರುವಾರದ ದನಿ

ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ಕಳೆದುಕೊಂಡವರಿಗೆ ಆಸ್ಪತ್ರೆಯವರು ತೀರಿಹೋದವರ ದನಿ ಕೂರಿಸುತ್ತಿದ್ದರು. ದನಿ ಕೊಟ್ಟ ಮನೆಯವರು ಗುರುವಾರಕ್ಕೊಮ್ಮೆ ಬಂದು ಅದನ್ನು ಕೇಳಿಹೋಗುವುದು ರೂಢಿ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸಾಂತವ್ವನ ಬಳಿಗೆ ಕಸ್ತೂರಿ ಐದು ವರ್ಷದಿಂದ ಬರುತ್ತಿದ್ದಳು, ತನ್ನ ತಾಯಿಯ ದನಿ ಕೇಳಲು.

"ಗಡ್ಡಿ ಮತ್ತ ಬಂದೈತವ್ವಾ. ಸೋಮವಾರ ಆಪರೇಷನ್. ಈ ದನೀನೂ ಹೋಗತೈತಿ," ಎಂದಳು ಸಾಂತವ್ವ.

ತುಂಬು ಬಸುರಿ ಕಸ್ತೂರಿ ಅವಳ ಹಿಟ್ಟು ಮೆತ್ತಿದ ಕೈ ಹಿಡಿದುಕೊಂಡಳು. "ಎರಡು ತಿಂಗಳು ತಡೀರಿ, ಅಕ್ಕಾರ. ನನ್ನ ಕೂಸಿನ ತೊಟ್ಟಲಕ್ಕ ನಮ್ಮವ್ವ ಒಂದು ಜೋಗುಳ ಹಾಡಲಿ."

ತಡಮಾಡಿದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆಗುವುದಿಲ್ಲ ಎನ್ನಲೆಂದೇ ಸಾಂತವ್ವ ಬಾಯಿ ತೆರೆದಳು.

"ಆಗಲಿ, ನನ್ನ ಮಗಳ," ಎಂದಿತು ದನಿ.