ಅಜ್ಜನ ನಾಲಿಗೆ

ಅತ್ತೆ ಬಕೆಟ್ಟಿನಿಂದ ತೆಗೆದು ಊಟದ ಮೇಜಿನ ಮೇಲಿಟ್ಟದ್ದು ಇನ್ನೂ ಅಲುಗಾಡುತ್ತಿತ್ತು. ಮುಷ್ಟಿಗಾತ್ರದ ಕಪ್ಪು ಚೆಂಡು, ಮೈತುಂಬ ಸೂಜಿಯಂಥ ಮುಳ್ಳು. ಸಮುದ್ರದ ತಳದಲ್ಲಿ ಬಂಡೆಗೆ ಅಂಟಿಕೊಂಡು ಬದುಕುವ ಪ್ರಾಣಿ ಇದಂತೆ; ಕತ್ತರಿಯಿಂದ ಹೋಳು ಮಾಡಿ ಒಳಗಿನ ಹಳದಿ ತಿರುಳನ್ನು ಹಸಿಯಾಗಿಯೇ ತಿನ್ನಬೇಕಂತೆ. ಅಜ್ಜನ ಒಂಬತ್ತು ವರ್ಷದ ಮೊಮ್ಮಗಳು ಕಾಲುಗಳನ್ನು ಕುರ್ಚಿಯ ಮೇಲಕ್ಕೆಳೆದುಕೊಂಡಳು. ಬೇಕರಿಯವರ ಮನೆಯಲ್ಲಿ ಹುಟ್ಟಿ, ಸಕ್ಕರೆಯನ್ನು ಎಲ್ಲಿ ಬಚ್ಚಿಟ್ಟರೂ ಮೂಸಿಕೊಂಡು ಹೋಗುತ್ತಿದ್ದ ಅವಳನ್ನು ಎಲ್ಲರೂ ‘ಇರುವೆ’ ಎಂದೇ ಕರೆಯುತ್ತಿದ್ದರು.

ಇದೆಲ್ಲ ಶುರುವಾದದ್ದು ಅಜ್ಜನ ಜ್ವರದಿಂದ. ಬೆಳಗಿನ ಹಸಿ ಹಿಟ್ಟನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಉಪ್ಪು ಒಂದು ಚಿಟಿಕೆ ಹೆಚ್ಚಾಯಿತು ಎನ್ನಬಲ್ಲವರಾಗಿದ್ದ ಅಜ್ಜನಿಗೆ, ಜ್ವರ ಬಿಟ್ಟ ಮೇಲೆ ಉಪ್ಪಿಗೂ ಸುಣ್ಣಕ್ಕೂ ವ್ಯತ್ಯಾಸ ತಿಳಿಯದಾಯಿತು. ಬ್ರೆಡ್ಡು ತಿಂದರೆ ಹತ್ತಿ ಅಗಿದ ಹಾಗಿದೆ ಎಂದರು. ಆಮೇಲೆ ಅಷ್ಟು ಹೇಳುವುದನ್ನೂ ಬಿಟ್ಟು, ಅಂಗಡಿಗೆ ಇಳಿಯುವುದನ್ನೂ ಬಿಟ್ಟು ಕಿಟಕಿಯ ಪಕ್ಕ ಕೂತುಬಿಟ್ಟರು. ನಾಲಿಗೆ ನಿದ್ದೆ ಹೋಗಿದೆ, ಹೊಸ ಹೊಸದನ್ನು ತಿನ್ನಿಸಿ ಎಬ್ಬಿಸಿ ನೋಡಿ ಎಂದು ಡಾಕ್ಟರು ಹೇಳಿದರು. ಆ ಸುದ್ದಿ ಕಿವಿಗೆ ಬಿದ್ದು ಅತ್ತೆ ಬಂದಳು.

ಅತ್ತೆ ಬಂದದ್ದೇ ದೊಡ್ಡ ಸಂಗತಿ. ಅಜ್ಜನ ನಂತರ ಬೇಕರಿಯ ಒಲೆಯ ಮುಂದೆ ನಿಲ್ಲುವವರು ಯಾರು ಎಂಬ ಮಾತಿಗೆ ಇರುವೆಯ ಅಪ್ಪನಿಗೂ ಅವಳಿಗೂ ಜಟಾಪಟಿಯಾಗಿ, ಇನ್ನು ಈ ಹೊಸ್ತಿಲು ತುಳಿಯೆ ಎಂದು ಹೋಗಿ ಬಂದರಿನ ಮೀನು ಮಂಡಿ ಸೇರಿದವಳು ಅವಳು. ಈಗ ಭಾನುವಾರ ಮಧ್ಯಾಹ್ನವಾದರೆ ಹಡಗಿನವರನ್ನು ಕಾಡಿ ಬೇಡಿ ಏನಾದರೊಂದು ತರುತ್ತಿದ್ದಳು. ನಾನೊಬ್ಬನೇ ತಿನ್ನುವುದಿಲ್ಲ, ತಂದದ್ದನ್ನು ಎಲ್ಲರೂ ತಿನ್ನಬೇಕು ಎಂದು ಅಜ್ಜ ಹಟ ಹಿಡಿದಿದ್ದರಿಂದ ಅಣ್ಣ ತಂಗಿ ಒಂದೇ ಮೇಜಿಗೆ ಕೂರಲೇಬೇಕಾಯಿತು. ಮಾತು ಮಾತ್ರ ಇರಲಿಲ್ಲ. ಚಾಕು ಬೇಕಾದರೂ ಅಪ್ಪ, ಇರುವೆ, ನಿಮ್ಮತ್ತೆಗೆ ಹೇಳು ಎನ್ನುತ್ತಿದ್ದ. ಅತ್ತೆಯೂ ಹಾಗೆಯೇ. ಇರುವೆ ಮಧ್ಯೆ ಕೂತು ಅಂಚೆ ಹಂಚುತ್ತಿದ್ದಳು.

ಹೀಗೆ ಹುರಿದ ಮಿಡತೆ ಆಗಿತ್ತು, ಅಪ್ಪನ ಅಂಗುಳಿಗೆ ಅಂಟಿಕೊಂಡು ಬಿಡದ ಆಕ್ಟೋಪಸ್ಸಿನ ಕಾಲು ಆಗಿತ್ತು. ಮುಳ್ಳುಚೆಂಡಿನ ದಿನ ಇರುವೆ ಕಣ್ಣು ಮುಚ್ಚಿ ನುಂಗಿದಳು. ಕಡಲನ್ನೇ ಚಮಚದಲ್ಲಿ ಕುಡಿದ ಹಾಗಿತ್ತು. ಅಪ್ಪ ಬಚ್ಚಲಿಗೆ ಓಡಿದ. ಅವನು ಓಡಿದ ರೀತಿಗೆ ಅತ್ತೆ ಬಿಕ್ಕಳಿಕೆ ಬರುವಷ್ಟು ನಕ್ಕಳು. ಬಾಯಿ ಒರೆಸಿಕೊಳ್ಳುತ್ತ ಬಂದ ಅಪ್ಪನೂ ನಕ್ಕು, ಜಗಳದ ನೆನಪಾಗಿ ಸುಮ್ಮನಾದ. ಅಜ್ಜ ಮಾತ್ರ ಹಸು ಮೆಲುಕು ಹಾಕಿದಂತೆ ನಿಧಾನವಾಗಿ ಅಗಿದು, ಏನೂ ತಿಳಿಯುತ್ತಿಲ್ಲ ಎಂದು ತಲೆಯಾಡಿಸಿದರು.

ಮುಂದಿನ ಭಾನುವಾರ ಬಂದದ್ದು ನೀಲಿ ಬೂಷ್ಟು ಹಿಡಿದ ಚೀಸು. ಒದ್ದೆ ಕಾಲುಚೀಲವನ್ನು ವಾರಗಟ್ಟಲೆ ಮುಚ್ಚಿಟ್ಟು ತೆರೆದಂಥ ವಾಸನೆ. ಅಜ್ಜ ದೊಡ್ಡ ತುಂಡನ್ನೇ ಬಾಯಿಗೆ ಹಾಕಿಕೊಂಡು, ಮುಖದ ಒಂದು ಗೆರೆಯೂ ಕದಲದಂತೆ ತಿಂದು ಎದ್ದುಹೋದರು. ಬಾಯಿ ಕೆಟ್ಟುಹೋದ ಇರುವೆ ಸ್ವಲ್ಪ ಹೊತ್ತಿನಲ್ಲೇ ಉಗ್ರಾಣಕ್ಕೆ ನುಸುಳಿದಳು. ಸಕ್ಕರೆ ಚೀಲದ ಬಾಯಿ ಆಗಲೇ ಬಿಚ್ಚಿತ್ತು. ಪಕ್ಕದಲ್ಲಿ ಅಜ್ಜ, ಕೆನ್ನೆ ಉಬ್ಬುವಷ್ಟು ಸಕ್ಕರೆ ತುಂಬಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ನಿಂತಿದ್ದರು.

“ಅಜ್ಜಾ, ನಿಂಗೆ ರುಚಿ ಬಂತಾ?”

ಅಜ್ಜ ಬಾಗಿಲ ಕಡೆ ನೋಡಿ ಸಕ್ಕರೆ ನುಂಗಿದರು. “ಆ ಮುಳ್ಳಿನ ಚೆಂಡು ತಿಂದ್ವಲ್ಲ, ಅದರ ಹಿಂದಿನ ದಿನಾನೇ ಬಂದಿತ್ತು. ಹಾಳಾದ್ದು, ಇನ್ನೊಂದು ದಿನ ತಡೆದು ಬರಬಾರದಿತ್ತಾ?”

“ಮತ್ತೆ ಯಾರಿಗೂ ಹೇಳಲೇ ಇಲ್ಲ?”

“ಹೇಳಿದ್ರೆ ನಿಮ್ಮತ್ತೆ ಯಾವ ನೆಪ ಹೇಳ್ಕೊಂಡು ಬರ್ತಾಳೆ?”

ಬಾಯಿ ಬಿಡಬಾರದು ಎಂದು ಅವಳ ಅಂಗೈಗೂ ಒಂದಿಷ್ಟು ಸಕ್ಕರೆ ಸುರಿದರು. ಆದರೆ ಅವಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದುಂಟೆ? ಅತ್ತೆಯನ್ನು ಬಸ್ಸಿಗೆ ಬಿಡಲು ಹೋದಾಗ ಎಲ್ಲವನ್ನೂ ಹೇಳಿಬಿಟ್ಟಳು. ಎದುರಿಗೆ ಬಂದು ನಿಂತ ಬಸ್ಸು ಅತ್ತೆಯನ್ನು ಬಿಟ್ಟೇ ಹೊರಟುಹೋಯಿತು. ಅತ್ತೆ ಮೂಗು ಒರೆಸಿಕೊಂಡು, ಇದು ನಿಮ್ಮಪ್ಪನ ತನಕ ಹೋಗಬಾರದು ಎಂದಳು. ಆ ಮಾತನ್ನು ಇರುವೆ ಹೇಗೋ ಉಳಿಸಿಕೊಂಡಳು.

ಮರುವಾರ ಅತ್ತೆ ಬಂದಾಗ ಮನೆಯಲ್ಲಿ ಯಾವ ದುರ್ವಾಸನೆಯೂ ಹರಡಲಿಲ್ಲ. ಹುಲ್ಲು ಹಾಸಿದ ಮರದ ಪೆಟ್ಟಿಗೆಯಲ್ಲಿ, ಮಗುವಿನ ಕೆನ್ನೆಯಂತೆ ನವಿರು ರೋಮವಿದ್ದ ಹಣ್ಣುಗಳು. ಪೀಚ್ ಅಂತೆ. ಆ ಮನೆಯಲ್ಲಿ ಯಾರೂ ಅದನ್ನು ತಿಂದವರಲ್ಲ. ಇರುವೆ ಕಚ್ಚಿದಳು, ಬೀಜವನ್ನೂ ಬಿಡದೆ ಚೀಪಿದಳು. ಅಪ್ಪ ಕಚ್ಚಿ, ಹಣ್ಣನ್ನೇ ತಿರುಗಿಸಿ ತಿರುಗಿಸಿ ನೋಡಿದ. ಅಜ್ಜನ ಗಲ್ಲದಿಂದಿಳಿದ ರಸ ಮೊಣಕೈವರೆಗೆ ಹರಿದಿತ್ತು. ಕಣ್ಣುಗಳು ತಾವಾಗಿ ಮುಚ್ಚಿಕೊಂಡಿದ್ದವು.

“ಏನಾದ್ರೂ ಗೊತ್ತಾಯ್ತಾ ಅಪ್ಪಾ?” ಅತ್ತೆ ಮೆತ್ತಗೆ ಕೇಳಿದಳು.

“ಎಲ್ಲಿ ಗೊತ್ತಾಗುತ್ತಮ್ಮ. ಬರೀ ಹತ್ತಿ,” ಎಂದ ಅಜ್ಜನ ಕೈ ಪೆಟ್ಟಿಗೆಯ ಕಡೆಗೆ ಚಾಚಿತು. “ಇನ್ನೊಂದು ಕೊಡು, ನೋಡೋಣ.”

ಅಪ್ಪ ಅಗಿಯುವುದನ್ನು ನಿಲ್ಲಿಸಿದ. ಅಜ್ಜನ ಮುಖ ನೋಡಿದ, ತಲೆ ತಗ್ಗಿಸಿ ಕೂತಿದ್ದ ಇರುವೆಯನ್ನು ನೋಡಿದ. ಆಮೇಲೆ ಪೆಟ್ಟಿಗೆಯನ್ನು ಅಜ್ಜನ ಹತ್ತಿರಕ್ಕೆ ಸರಿಸಿ, ಇರುವೆಯ ತಲೆಯ ಮೇಲಿನಿಂದ ನೇರವಾಗಿ ತಂಗಿಗೆ ಹೇಳಿದ:

“ಪಾಪ, ವಾಸಿಯಾಗೋಕೆ ಇನ್ನೂ ವರ್ಷಗಟ್ಟಲೆ ಬೇಕು ಅಂತ ಕಾಣುತ್ತೆ. ಮುಂದಿನ ವಾರ ಸ್ವಲ್ಪ ಬೇಗ ಬಾ.”