ಹಡಗಲಿಯ ಕಂಪ್ಯೂಟರ್ ಕೆಡುವುದಿಲ್ಲ

ಕುಳಿತಲ್ಲಿಂದಲೇ ಮೈಲಾರೇಶ ಕೂಡ್ಲಿಗಿಯ ಕಂಪ್ಯೂಟರಿನ ಪರದೆಯನ್ನು ತಲೆಕೆಳಗು ಮಾಡಿದ. ಹರಪನಹಳ್ಳಿಯ ಪ್ರಿಂಟರನ್ನು ಮಾಯ ಮಾಡಿದ. ಹಗರಿಬೊಮ್ಮನಹಳ್ಳಿಯದರಲ್ಲಿ ಕನ್ನಡ ಅಕ್ಷರಗಳನ್ನೆಲ್ಲ ಖಾಲಿ ಚೌಕಗಳನ್ನಾಗಿಸಿ, ಚಹಾ ಹೀರುತ್ತ ಫೋನಿಗೆ ಕಾದ.

ಫೋನು ಬಂತು. ಬರದೆ ಎಲ್ಲಿಗೆ ಹೋದೀತು?

"ಸರ, ಕೂಡ್ಲಿಗಿಯಿಂದ್ರಿ. ಕಂಪ್ಯೂಟರ್ ಶೀರ್ಷಾಸನ ಹಾಕೇತ್ರಿ!"

"ಗಾಬರಿ ಆಗಬ್ಯಾಡ್ರಿ. ಇಲ್ಲಿಂದನ ನೋಡ್ತೀನಿ" ಎಂದ ಮೈಲಾರೇಶ, ಚಹಾ ಮುಗಿಸಿ, ಬಾಯಿ ಒರೆಸಿಕೊಂಡು, 'ಮೊದಲಿನಂತೆ' ಎಂಬ ಗುಂಡಿಯನ್ನು ಒತ್ತಿದ. ಆ ಕಡೆಯಿಂದ ಜಯಕಾರವೊಂದು ಬಾಕಿ.

ಐದು ತಾಲೂಕುಗಳ ಉಣ್ಣೆ ಸಹಕಾರ ಸಂಘದ ಕಂಪ್ಯೂಟರುಗಳನ್ನೆಲ್ಲ ಕೊಟ್ಟೂರಿನ ಮುಖ್ಯ ಕಚೇರಿಯಿಂದ ಒಂದೇ ಸಾಫ್ಟ್‌ವೇರಿನಲ್ಲಿ ನೋಡಿಕೊಳ್ಳುವುದು ಅವನ ಕೆಲಸ. ಕೆಲಸ ಗುತ್ತಿಗೆಯದು. ಯಂತ್ರಗಳು ಸರಿಯಾಗಿದ್ದರೆ ಅವನ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ. ಈ ವರ್ಷ ಹುದ್ದೆ ಕಾಯಂ ಆಗುತ್ತದೆ, ಅರ್ಜಿ ಕರೆದು ಪರೀಕ್ಷೆ ಮಾಡಿ ತುಂಬುತ್ತಾರೆ ಎಂಬ ಸುದ್ದಿ ಬಂದದ್ದೇ ತಡ, ಯಂತ್ರಗಳು ದಿನವೂ ಕೆಡತೊಡಗಿದವು. ಕಾಯಂ ಆಗಲೇಬೇಕಿತ್ತು. ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ಉಪ್ಪಿಟ್ಟು ಕೊಟ್ಟು, "ಹುಡುಗ ಕಾಯಂ ಆದಮ್ಯಾಲೆ ಬರ್ರಿ" ಎಂದು ಕಳಿಸುತ್ತಿದ್ದರು. ಉಪ್ಪಿಟ್ಟು ಕಂಡರೇ ಅವನಿಗೆ ಈಗ ಅಳು ಬರುತ್ತಿತ್ತು.

'ಬೆಂಕಿ ಹಚ್ಚೋನೂ ನೀನ, ಆರಿಸೋನೂ ನೀನ. ಭಲೇ ಲೇ ಮೈಲಾರಿ!' ಎಂದು ತನ್ನನ್ನು ತಾನೇ ಹಂಗಿಸಿಕೊಳ್ಳುತ್ತಿದ್ದ. ಹಂಗಿಸಿಕೊಂಡೇ ಮರುದಿನದ ರೋಗವನ್ನು ಯೋಚಿಸುತ್ತಿದ್ದ.

ಕಾಟ ಕೊಟ್ಟದ್ದು ಹಡಗಲಿ ಒಂದೇ. ಅಲ್ಲಿಗೂ ಅವನು ತಪ್ಪದೆ ದಿನಕ್ಕೊಂದು ರೋಗ ಕಳಿಸುತ್ತಿದ್ದ. ಫೋನು ಮಾತ್ರ ಬರುತ್ತಿರಲಿಲ್ಲ. ಮೊದಮೊದಲು ರೋಗ ಎರಡು ದಿನ ಉಳಿಯುತ್ತಿತ್ತು. ಆಮೇಲೆ ಒಂದೇ ಸಂಜೆ. ಈಚೆಗಂತೂ ಅವನ ಚಹಾ ಆರುವುದರೊಳಗೆ ಎಲ್ಲ ನೆಟ್ಟಗಾಗಿರುತ್ತಿತ್ತು.

ಅಲ್ಲಿದ್ದವಳು ಗುಮಾಸ್ತೆ ಪುಷ್ಪಲತಾ ಒಬ್ಬಳೇ. ಭಾನುವಾರವೂ ಆ ಕಂಪ್ಯೂಟರ್ ಚಾಲೂ ಇರುತ್ತಿತ್ತು. ರಜೆಯ ದಿನವೂ ಕಚೇರಿಗೆ ಬಂದು ಕಲಿಯುತ್ತಿದ್ದಾಳೆಂದರೆ ಅವಳ ಕಣ್ಣು ಎಲ್ಲಿದೆ? ತನ್ನ ಕುರ್ಚಿಯ ಮೇಲೆ! ಹೋಗಿ ನೋಡಿ ಬರೋಣವೆಂದರೆ ಬಸ್ಸು ಹತ್ತಬೇಕು. ಕುಳಿತಲ್ಲೇ ಐದು ತಾಲೂಕು ಆಳುವವನು ಬಸ್ಸು ಹತ್ತುವುದೇ? ಫೋನು ಮಾಡಿದ.

"ಅಕ್ಕಾರ, ಕಂಪ್ಯೂಟರ್ ಏನರ ತಂಟಿ ಮಾಡ್ತೈತೇನ್ರಿ?"

"ಅಯ್ಯ, ಇಲ್ಲ ತಮ್ಮಾ. ನಮ್ಮ ಆಫೀಸಿನ್ಯಾಗ ಕಂಪ್ಯೂಟರ್ ತಂಟಿ ಅನ್ನೋದ ಇಲ್ಲ. ನೀ ಏನೂ ಬರಾಕ ಹೋಗಬ್ಯಾಡ."

ಅವಳ ಹಿಂದೆ ಎಲ್ಲೋ ಸೀಟಿ ಕೂಗಿತು. ಕಚೇರಿ ಇರುವುದು ಬಸ್ ನಿಲ್ದಾಣದ ಪಕ್ಕ. ಕಂಡಕ್ಟರನ ಸೀಟಿ ಇರಬೇಕೆಂದುಕೊಂಡ. ನೀ ಬರಬೇಡ ಎಂದಳಲ್ಲ, ಆ ಮಾತು ಮಾತ್ರ ಅವನ ಎದೆಗೆ ನಾಟಿತು.

ಅಧ್ಯಕ್ಷ ಗಾದಿಲಿಂಗಪ್ಪನವರೂ ಅದೇ ರಾಗ ಹಾಡಿದರು. "ಎಲ್ಲಾ ಕಡೀ ಕೆಡ್ತಾವ, ಹಡಗಲ್ಯಾಗ ಕೆಡೂದಿಲ್ಲಲ್ಲೋ ಮೈಲಾರಿ! ಅಲ್ಲ್ಯಾರೋ ಶ್ಯಾಣ್ಯಾರು ಅದಾರ."

ಇನ್ನು ಸುಮ್ಮನಿದ್ದರೆ ಕೆಟ್ಟೆ ಎಂದು ಮೈಲಾರೇಶ ಕೈಮುಗಿದು ನಿಂತ. "ಸಾಹೇಬ್ರ, ಒಂದು ಅರಿಕಿ. ಈ ಕಾಯಂ ಹುದ್ದೆಗೆ ಸಂಘದ ಗುಮಾಸ್ತರು ಅರ್ಜಿ ಹಾಕೂದು ಬ್ಯಾಡ್ರಿ, ಶಾಖಾ ಬರಿದಾಗ್ತಾವ. ಹೊರಗಿನ ಹುಡುಗ್ರಿಗೆ ಅವಕಾಶ ಕೊಡೂಣ. ಪರೀಕ್ಷಾನೂ ಬಾಯಿಪಾಠದ್ದು ಬ್ಯಾಡ, ನಮ್ಮ ಆಫೀಸಿನ್ಯಾಗ ಬರೋ ರೋಗ ಹಚ್ಚಿ ವಾಸಿ ಮಾಡ್ರಿ ಅನ್ರಿ."

"ನಿನ್ನ ಹೊಟ್ಟೀ ಮ್ಯಾಲೆ ನೀನ ಕಲ್ಲು ಹಾಕ್ಕೊಂಡು ಸಂಘದ್ದು ಯೋಚ್ನಿ ಮಾಡ್ತೀಯಲ್ಲೋ!" ಅಧ್ಯಕ್ಷರ ಕಣ್ಣು ಒದ್ದೆಯಾಯಿತು. ಮೈಲಾರೇಶ ತಲೆ ತಗ್ಗಿಸಿದ್ದು ನಗು ಮುಚ್ಚಿಕೊಳ್ಳಲು.

ಪರೀಕ್ಷೆಯ ದಿನ ಹೊರಗಿನವರು ಬಂದರು. ದಾವಣಗೆರೆಯ ಕಡೆಯ ಇಬ್ಬರು ಇಂಜಿನಿಯರುಗಳು, ಜಡೆಗೆ ಮಲ್ಲಿಗೆ ಮುಡಿದ ಹುಡುಗಿಯೊಬ್ಬಳು. ಅವರ ಸಾಲಿನಲ್ಲೇ ಮೈಲಾರೇಶ ಕಾಲಮೇಲೆ ಕಾಲು ಹಾಕಿ ಕುಳಿತ. ಪರದೆಗಳು ಬೆಳಗಿದವು. ಶಾಖೆಗಳ ದೂರಿನ ಪಟ್ಟಿ ನೋಡಿ ಅಧ್ಯಕ್ಷರು ಹಚ್ಚಿಸಿದ್ದೆಲ್ಲ ಅವನು ಸಾಕಿದ ರೋಗಗಳೇ: ತಲೆಕೆಳಗಾದ ಪರದೆ, ಚೌಕವಾದ ಅಕ್ಷರ, ಮಾಯವಾದ ಪ್ರಿಂಟರ್.

ಕೈ ಚಾಚಿದ. ಆಗ ಹೊಳೆಯಿತು: ಇದು ಅವನ ಕೋಣೆಯ ಯಂತ್ರವಲ್ಲ. ಇಲ್ಲಿ 'ಮೊದಲಿನಂತೆ' ಎಂಬ ಗುಂಡಿಯೇ ಇಲ್ಲ! ಇಷ್ಟು ದಿನ ಅವನು ಕೆಡಿಸಿದ್ದು ನಿಜ, ಆದರೆ ಯಂತ್ರದ ಮುಂದೆ ಕುಳಿತು ಒಂದನ್ನೂ ರಿಪೇರಿ ಮಾಡಿರಲಿಲ್ಲ. ಕತ್ತು ಓರೆ ಮಾಡಿ ತಲೆಕೆಳಗಾದ ಅಕ್ಷರ ಓದಿದ. ಮೌಸ್ ಎಡಕ್ಕೆ ಎಳೆದರೆ ಬಾಣ ಬಲಕ್ಕೆ ಓಡಿತು. 'ಲೇ ಮೈಲಾರಿ, ನೀ ಹಡೆದ ಕೂಸು ನಿನಗ ಗುರುತು ಹತ್ತವಲ್ದೇನೋ' ಎಂದು ಒಳಗೇ ಹಲುಬಿದ. ಪಕ್ಕದ ಇಂಜಿನಿಯರುಗಳೂ ಕತ್ತು ಓರೆ ಮಾಡಿದ್ದರು, ಅದೊಂದೇ ಸಮಾಧಾನ.

"ಆತ್ರಿ" ಎಂದಿತು ಒಂದು ದನಿ.

ಮಲ್ಲಿಗೆಯ ಹುಡುಗಿ ಕೈ ಕಟ್ಟಿ ಕುಳಿತಿದ್ದಳು. ಪರದೆ ನೆಟ್ಟಗಿತ್ತು, ಕನ್ನಡ ಕನ್ನಡವಾಗಿತ್ತು, ಪ್ರಿಂಟರಿನಿಂದ ಕಾಗದ ಹೊರಬರುತ್ತಿತ್ತು. ಗಾದಿಲಿಂಗಪ್ಪನವರು ಅವಳ ಯಂತ್ರದ ಸುತ್ತ ಒಂದು ಸುತ್ತು ಹಾಕಿದರು.

"ನೀನ ನಮ್ಮ ಹುಡುಗಿ, ನಾಳಿಂದನ ಬಾ! ಏನ್ ಹೆಸರವ್ವಾ? ಯಾವ ಕಾಲೇಜಿನ್ಯಾಗ ಕಲಿಸಿದ್ರು ಇದನ್ನ?"

"ಸಂಗೀತಾ ಅಂತ್ರಿ, ಹಡಗಲಿ ಪುಷ್ಪಲತಾನ ಮಗಳು. ಕಾಲೇಜಿನ್ಯಾಗ ಇದೆಲ್ಲಾ ಎಲ್ಲೀದ್ರಿ? ಆಫೀಸಿನ ಮಾಳಿಗಿ ಸೋರ್ತೈತಿ, ಕಂಪ್ಯೂಟರ್ ಮನ್ಯಾಗ ಇಟ್ಕೋ ಅಂತ ಅವ್ವಗ ನೀವ ಹೇಳಿದ್ರಲ್ರಿ. ಅವತ್ತಿಂದ ಯಾವ ಪುಣ್ಯಾತ್ಮನೋ ದಿನಕ್ಕೊಂದು ರೋಗ ಹಚ್ಚಿ ಹಚ್ಚಿ ಕಲಿಸ್ಯಾನ, ಸಿಕ್ಕರ ಕಾಲಿಗೆ ಬೀಳ್ತೀನ್ರಿ."